ಸುಳ್ಳು ಹಕ್ಕುದಾರ

ಏಳು ಮಂದಿ ರೈತರು ಬಂದು ಪಂಪ್‌ಹೌಸಿನ ಕೋಣೆಗೆ ಹೊರಗಿನಿಂದ ಬೀಗ ಜಡಿದಾಗ ಸಪನಾ ಒಳಗೇ ಇದ್ದಳು. ಏಪ್ರಿಲ್ ತಿಂಗಳ ಬೆಳಗಿನ ಹನ್ನೊಂದು ಗಂಟೆ. ಕಾದ ತಗಡಿನ ಮಾಡು ಚಟಚಟ ಸದ್ದು ಮಾಡುತ್ತಿತ್ತು. ಕಿಟಕಿಯ ಸರಳಿನಾಚೆ ಕೃಷ್ಣಾ ನದಿ ದಂಡೆ ಬಿಟ್ಟು ಬಹಳ ಕೆಳಗಿಳಿದಿತ್ತು.

"ನೀರು ಬರೂತನಕ ನೀನೂ ಒಳಗ ಕೂಡು," ಎಂದು ಒಬ್ಬ ಸರಳಿಗೆ ಮುಖವಿಟ್ಟು ಕೂಗಿದ. "ಮೂರು ದಿನಾ ಆತು, ನಮ್ಮ ದ್ರಾಕ್ಷಿ ಪಡಕ್ಕ ಒಂದು ಹನಿ ನೀರಿಲ್ಲ. ಚಾಟಣಿ ಆಗೇತಿ, ಟೊಂಗಿ ಕತ್ತರಿಸಿದ ಗಿಡ ಬೋಳ ನಿಂತಾವು. ರೇಡಿಯೊ ಡಬ್ಬಿ ತಂದು ಹಚ್ಚೀರಲ್ಲ, ಆ ಡಬ್ಬಿ ಹಿಂಡಿ ಕುಡಿಸಲೇನು ಗಿಡಕ್ಕ?"

"ಕೆಲಸ ಬರಂಗಿಲ್ಲ ಅಂದ್ರ ನಿಪ್ಪಾಣಿಗೆ ಹೋಗಿ ಅವ್ವನ ಬಾಜೂ ಕೂತು ಬೀಡಿ ಕಟ್ಟು," ಎಂದ ಇನ್ನೊಬ್ಬ. ಉಳಿದವರು ನಕ್ಕರು.

ಸಪನಾ ಕಂಪ್ಯೂಟರಿನ ಕಡೆ ತಿರುಗಿದಳು. ಅವಳೆದುರಿನ ಪರದೆಯ ಮೇಲೆ ಹದಿನಾಲ್ಕು ವಾಲ್ವ್‌ಗಳ ಹದಿನಾಲ್ಕು ದೀಪಗಳೂ ಕೆಂಪಾಗಿದ್ದವು. ಯಾವ ರೇಡಿಯೊವೂ ಮಾತಾಡುತ್ತಿರಲಿಲ್ಲ. ಅವಳ ಬಾಟಲಿಯಲ್ಲಿ ಅರ್ಧ ನೀರಿತ್ತು. ಬೀಗ ತೆಗೆಯುವ ಲಕ್ಷಣ ಕಾಣದಾದಾಗ ಕುರ್ಚಿ ಎಳೆದುಕೊಂಡು ಕೂತು, ಮೂರು ವಾರಗಳಿಂದ ಯಂತ್ರ ತಾನೇ ಬರೆದಿಟ್ಟುಕೊಂಡಿದ್ದ ದಾಖಲೆಯನ್ನು ಮೊದಲಿನಿಂದ ಓದತೊಡಗಿದಳು. ಹಾಗೆ ನಿರಾಳವಾಗಿ ಓದಲು ಅಲ್ಲಿಯತನಕ ಅವಳಿಗೆ ಯಾರೂ ಪುರಸೊತ್ತು ಕೊಟ್ಟಿರಲಿಲ್ಲ.

ಬೀಡಿಯ ಮಾತು ಸುಳ್ಳೇನಲ್ಲ. ಅವಳ ತಾಯಿ ಅಕ್ಕುತಾಯಿ ನಿಪ್ಪಾಣಿಯಲ್ಲಿ ಮೂವತ್ತು ವರ್ಷ ಬೀಡಿ ಕಟ್ಟಿದವಳು. ತಂದೆ ತಂಬಾಕಿನ ಗೋದಾಮಿನಲ್ಲಿ ಹಮಾಲಿ ಮಾಡುತ್ತಿದ್ದ. ಮಗಳು ಎಂಟನೆಯ ಇಯತ್ತೆಯಲ್ಲಿದ್ದಾಗ ಕೆಮ್ಮಿ ಕೆಮ್ಮಿಯೇ ಸತ್ತ. ಅಕ್ಕುತಾಯಿ ಮಗಳ ಕೈಗೆ ಎಲೆಯ ಮೊರ ಕೊಡಲಿಲ್ಲ. ಚಿಕ್ಕೋಡಿಯಲ್ಲಿ ಇಟ್ಟು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿಸಿದಳು. ಆಮೇಲೆ ಸಪನಾ ಏಳು ವರ್ಷ ಮೊಬೈಲ್ ಟವರುಗಳ ಗುತ್ತಿಗೆದಾರನೊಬ್ಬನ ಕೈಕೆಳಗೆ ರಾಯಬಾಗ, ಅಥಣಿ ಎಂದು ತಿರುಗಿದಳು. ಅಂಗಡಿಯವರು ಕದ್ದು ಹಚ್ಚಿಕೊಂಡ ಬೂಸ್ಟರುಗಳಿಂದ ಓಣಿಗೆ ಓಣಿಯೇ ಫೋನಿಲ್ಲದೆ ಕೂರುತ್ತಿತ್ತು. ಮೀನಿನ ಮುಳ್ಳಿನಂಥ ಆಂಟೆನಾ ಕೈಯಲ್ಲಿ ಹಿಡಿದು, ಸದ್ದು ಯಾವ ದಿಕ್ಕಿನಿಂದ ಜೋರಾಗುತ್ತದೋ ಆ ದಿಕ್ಕಿಗೆ ನಡೆದು, ಕದ್ದವನ ಮಾಳಿಗೆಯ ತನಕ ಹೋಗುವುದು ಅವಳ ಕೆಲಸವಾಗಿತ್ತು. ಬೈಗುಳ ಆಗಲೇ ರೂಢಿಯಾಗಿತ್ತು.

ಕಾಗವಾಡ ತಾಲೂಕಿನ ಈ ನೀರಾವರಿ ಸಂಘಕ್ಕೆ ಅವಳು ಬಂದು ಒಂದೂವರೆ ವರ್ಷ. ನದಿಯ ನೀರನ್ನು ಎತ್ತಿ ಆರುನೂರು ಎಕರೆ ಕಬ್ಬು, ದ್ರಾಕ್ಷಿಗೆ ಹಂಚುವ ಸಂಘ ಅದು. ಯಾರಿಗೆ ಯಾವ ಹೊತ್ತು ನೀರು ಎಂಬ ಸರದಿಗೆ ಪಾಳಿ ಎನ್ನುತ್ತಾರೆ. ಮೊದಲು ಪಾಳಿಯ ವಾಲ್ವ್ ತಿರುಗಿಸುತ್ತಿದ್ದವನು ಮಲಕಾರಿ. ಇಪ್ಪತ್ತೆರಡು ವರ್ಷ ಮೋಟಾರ್‌ಸೈಕಲ್ ಮೇಲೆ ಓಡಾಡಿ, ಕೀಲಿ ತಿರುವಿ, ಊರಿನ ಗರತಿಯರಿಂದ ಹಿಡಿದು ಸಂಘದ ಡೈರೆಕ್ಟರರ ತನಕ ಎಲ್ಲರಿಂದಲೂ "ಮಲಕಾರಿ, ಇನ್ನೊಂದು ಅರ್ಧಾ ತಾಸು" ಎಂದು ಅಂಗಲಾಚಿಸಿಕೊಂಡವನು. ಬೆಳಗಾವಿ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನವರು ಪ್ರಯೋಗವೆಂದು ಪ್ರತಿ ವಾಲ್ವಿಗೂ ಮೋಟಾರು, ಪಕ್ಕದ ಕಂಬದ ಮೇಲೊಂದು ರೇಡಿಯೊ ಡಬ್ಬಿ ಕೂಡಿಸಿದ ಮೇಲೆ ಅವನ ಕೀಲಿಗೆ ಕೆಲಸವಿಲ್ಲದಾಯಿತು. ಅವನನ್ನು ಸಂಘದ ಕಾವಲುಗಾರನನ್ನಾಗಿ ಮಾಡಿದರು.

"ನಿನ್ನ ಡಬ್ಬಿಗೆ ಮಣ್ಣಿನ ಗುಣ ಗೊತ್ತೈತೇನು?" ಎಂದು ಅವನು ಮೊದಲ ದಿನವೇ ಸಪನಾಳನ್ನು ಕೇಳಿದ್ದ. ಎರಡನೆಯ ದಿನ ಸಂಘದವರು ಅವಳ ಮನೆತನದ ಅಡ್ಡಹೆಸರು ಕೇಳಿ ಜಾತಿ ತಿಳಿದುಕೊಂಡರು. ಮೂರನೆಯ ದಿನದಿಂದ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ, ಅವಳಿಗೆ ಮಾತ್ರ ಕಾಗದದ ಕಪ್ಪಿನಲ್ಲಿ ಚಹಾ ಬಂತು. ಅವಳು ಕುಡಿಯುವುದನ್ನೇ ಬಿಟ್ಟಳು.

ಆ ರೇಡಿಯೊಗಳಿಗೆ ತಮ್ಮದೇ ಚಾನೆಲ್ ಇರಲಿಲ್ಲ. ಸುತ್ತಲಿನ ಆಕಾಶದಲ್ಲಿ ಬೇರೆಯವರಿಗೆ ಕೊಟ್ಟ, ಆದರೆ ಆ ಹೊತ್ತಿಗೆ ಖಾಲಿ ಬಿದ್ದ ಚಾನೆಲ್ಲನ್ನು ಕಿವಿಗೊಟ್ಟು ಹುಡುಕಿ, ಅದರಲ್ಲಿ ಕೂತು ಮಾತಾಡಬೇಕು. ಹಕ್ಕುದಾರ ಬಂದ ಸದ್ದಾದರೆ ಎದ್ದು ಹೋಗಬೇಕು. ಹದಿನಾಲ್ಕರಲ್ಲಿ ಒಂದಕ್ಕೆ ಆ ಸದ್ದು ಕೇಳಿದರೂ ಎಲ್ಲವೂ ಏಳಬೇಕು. ಆ ಷರತ್ತಿನ ಮೇಲೆಯೇ ಕಾಲೇಜಿಗೆ ಪರವಾನಗಿ ಸಿಕ್ಕಿತ್ತು. ಇದನ್ನು ಫೋನಿನಲ್ಲಿ ಕೇಳಿದ ಅಕ್ಕುತಾಯಿ, "ಅಂದ್ರ ನಮ್ಮಂಗ ಆತಲ್ಲ," ಎಂದಿದ್ದಳು. "ಮಾಲಕ ಬಂದಾ ಅಂದ್ರ ಏಳೂದು."

ಮಾರ್ಚ್ ಕೊನೆಯ ವಾರ ತೊಂದರೆ ಶುರುವಾಯಿತು. ಮೊದಲು ಒಂದು ಚಾನೆಲ್ಲಿನಲ್ಲಿ ಬರೀ ಗದ್ದಲ. ರೇಡಿಯೊಗಳು ಬೇರೆ ಚಾನೆಲ್ಲಿಗೆ ಹಾರಿದವು. ಗದ್ದಲವೂ ಹಿಂದೆಯೇ ಬಂತು. ಆಗ ಸಪನಾ, ಮುಂದೆ ಎಲ್ಲಿಗೆ ಹಾರಬೇಕೆಂಬ ಗುಟ್ಟಿನ ಕ್ರಮವೊಂದನ್ನು ಹದಿನಾಲ್ಕಕ್ಕೂ ಮೊದಲೇ ಹೇಳಿಕೊಟ್ಟಳು; ಬೆನ್ನಟ್ಟುವವನಿಗೆ ಮುಂದಿನ ಹೆಜ್ಜೆ ತಿಳಿಯದಂತಾಯಿತು. ನಾಲ್ಕು ದಿನ ನೆಮ್ಮದಿ. ಐದನೆಯ ದಿನ ಎಲ್ಲ ದೀಪಗಳೂ ಒಮ್ಮೆಗೇ ಕೆಂಪಾದವು. ಈ ಸಲ ಗದ್ದಲವಿರಲಿಲ್ಲ. ಒಂದಾದ ಮೇಲೊಂದು ಎಲ್ಲ ಚಾನೆಲ್ಲಿನಲ್ಲೂ ಹಕ್ಕುದಾರನ ಸದ್ದೇ ಕೇಳುತ್ತಿತ್ತು. ರೇಡಿಯೊಗಳು ಷರತ್ತಿನಂತೆ ಎದ್ದು, ಕೂರಲು ಜಾಗ ಸಿಗದೆ ಬಾಯಿ ಮುಚ್ಚಿಕೊಂಡವು.

ಅವಳು ಕಾಲೇಜಿನ ಬ್ರಾಹ್ಮಿ ಮೇಡಂಗೆ ಫೋನು ಮಾಡಿದಳು. ಈ ಪ್ರಯೋಗದ ಹೊಣೆ ಹೊತ್ತವರು ಅವರು.

"ಅದು ಸುಳ್ಳು ಸದ್ದು ಮೇಡಂ. ಲೆಕ್ಕಕ್ಕೆ ತಗೋಬ್ಯಾಡ ಅಂತ ಹೇಳಿಬಿಡ್ಲೇನ್ರಿ ಡಬ್ಬಿಗೆ?"

"ಖರೇ ಹಕ್ಕುದಾರ ಇದ್ರ? ಅವರ ಮಾತಿಗೆ ನಾವು ಅಡ್ಡ ಬಂದಂಗಾಗ್ತದ. ಪರವಾನಗಿ ಹೋಗ್ತದ ಸಪನಾ. ಸುಳ್ಳು ಅಂತ ಮೊದಲು ತೋರಿಸು."

ತೋರಿಸುವ ಮೊದಲೇ ಸಪನಾ ತಪ್ಪು ಮಾಡಿದಳು. ಸಂಘದ ಸಭೆಯಲ್ಲಿ ಎಲ್ಲರೂ ಮುಗಿಬಿದ್ದಾಗ, ಬೆವರುತ್ತ ನಿಂತವಳು ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ ಮಲಕಾರಿಯ ಕಡೆ ಬೆರಳು ಮಾಡಿದಳು. "ಡಬ್ಬಿ ಸಾಯ್ತಾವು ಅಂತ ಊರ ತುಂಬಾ ಹೇಳಿಕೋತ ಬಂದವರು ಇವರು. ಕಂಬದ ಹತ್ರ ಇವರ ಗಾಡಿ ನಿಂತದ್ದು ನಾನs ನೋಡೀನಿ."

ಮಲಕಾರಿ ನಿಧಾನವಾಗಿ ಮುಂದೆ ಬಂದ. "ವಾಲ್ವ್ ಮುರದಾನ ಅಂದಿದ್ರ ನಾ ಒಪ್ಪತಿದ್ದೆ. ರೇಡಿಯೊ? ಮೊಬೈಲಿಗೆ ರಿಚಾರ್ಜ್ ಮಾಡಾಕ ನಾ ಮಗಳ ಕೈಯಾಗ ಕೊಡ್ತೀನವಾ." ಸಭೆ ನಕ್ಕಿತು. ಅವನು ನಗಲಿಲ್ಲ. "ಇಪ್ಪತ್ತೆರಡು ವರ್ಷ ನೀರು ಹಂಚೀನಿ. ಕಳ್ಳ ಅಂತ ಯಾವ ಮಗನೂ ಅಂದಿಲ್ಲ. ನೀ ಅಂದಿ. ನೆನಪಿಡ್ತೀನಿ."

ಸಂಘದ ಅಧ್ಯಕ್ಷ ಭಾವುಸಾಹೇಬರು ಮೇಜು ಕುಟ್ಟಿ ಸುಮ್ಮನಿರಿಸಿದರು. ಅವರ ತಮ್ಮನ ಮಗ ಕುಣಾಲ ಎದ್ದು ನಿಂತ. ಪುಣೆಯಲ್ಲಿ ಇಂಜಿನಿಯರಿಂಗ್ ಓದಿ ಬಂದು ದ್ರಾಕ್ಷಿ ಮಾಡುತ್ತಿದ್ದ, ಸಂಘಕ್ಕೂ ಡೈರೆಕ್ಟರ್. "ಮ್ಯಾಡಮ್ಮರಿಗೆ ಟೈಮ್ ಕೊಡ್ರಿ," ಎಂದ ಮೃದುವಾಗಿ. "ಹೊಸಾ ಟೆಕ್ನಾಲಜಿ, ತಪ್ಪತೈತಿ." ಆ ಇಡೀ ಸಭೆಯಲ್ಲಿ ಅವಳ ಪರವಾಗಿ ಬಂದ ಮಾತು ಅದೊಂದೇ. ಸಪನಾ ಅವನಿಗೆ ಕೈ ಮುಗಿದಳು.

ಅದಾದ ಎರಡನೆಯ ದಿನವೇ ಬಾಗಿಲಿಗೆ ಬೀಗ ಬಿದ್ದದ್ದು.

ಒಳಗೆ ಕೂತು ದಾಖಲೆ ಓದುತ್ತಿದ್ದವಳು ಒಂದೂವರೆ ತಾಸಿನ ಹೊತ್ತಿಗೆ ಪೆನ್ನು ಕೆಳಗಿಟ್ಟಳು. ರೇಡಿಯೊ ಸತ್ತ ಹನ್ನೊಂದು ಸಲವನ್ನೂ ಅವಳು ಸಾಲಾಗಿ ಬರೆದುಕೊಂಡಿದ್ದಳು. ಹನ್ನೊಂದು ಸಲವೂ ನಾಲ್ಕನೆಯ ವಾಲ್ವಿನ ಪಾಳಿ ಶುರುವಾಗಿ ಹತ್ತು ನಿಮಿಷದೊಳಗೇ ಸದ್ದು ಬಂದಿತ್ತು. ಕಾಲೇಜಿನವರು ಮಾಡಿದ ವ್ಯವಸ್ಥೆಯಲ್ಲಿ, ಮಾತು ಕಡಿದುಹೋದರೆ ವಾಲ್ವ್ ಇದ್ದಲ್ಲೇ ಇರುತ್ತಿತ್ತು. ಮುಚ್ಚಿದ್ದು ಮುಚ್ಚಿಕೊಂಡೇ, ತೆರೆದದ್ದು ತೆರೆದುಕೊಂಡೇ. ಕೋಣೆಯಲ್ಲಿ ಕೂತವಳಿಗೆ ಬರೀ ಕೆಂಪು ದೀಪ. ಯಾವುದು ತೆರೆದಿದೆ ಎಂಬುದು ಕಾಣದು. ಅಂದರೆ ಊರೆಲ್ಲ ಒಣಗಿದ ಆ ದಿನಗಳಲ್ಲಿ ನಾಲ್ಕನೆಯದು ಒಂದೇ ಸಮನೆ ಹರಿದಿರಬೇಕು.

ನಾಲ್ಕನೆಯ ವಾಲ್ವಿನ ಕೆಳಗೆ ಒಂದೇ ಹೊಲ. ಅದು ಕುಣಾಲನದು.

ಸಪನಾಳಿಗೆ ಉದ್ಘಾಟನೆಯ ದಿನ ನೆನಪಾಯಿತು. ಬ್ರಾಹ್ಮಿ ಮೇಡಂ ಸುತ್ತ ಎಲ್ಲರೂ ಫೋಟೊಕ್ಕೆ ನಿಂತಿದ್ದಾಗ ಕುಣಾಲನೊಬ್ಬನೇ ಪ್ರಶ್ನೆ ಕೇಳಿದ್ದ: ಹಕ್ಕುದಾರ ಬಂದ್ರ ಎಷ್ಟೊತ್ತಿನ್ಯಾಗ ಏಳ್ತಾವ್ರಿ? ಮಾತು ಕಡದ್ರ ವಾಲ್ವ್ ಏನಾಗ್ತೈತ್ರಿ? ಎಂಥ ಆಸಕ್ತಿಯ ರೈತನೆಂದು ಮೇಡಂ ಹೊಗಳಿದ್ದರು. ಮೊನ್ನೆ ಅದೇ ಮನುಷ್ಯನಿಗೆ ಅವಳು ಕೈ ಮುಗಿದಿದ್ದಳು.

ಬೀಗ ತೆಗೆಸಿದ್ದು ಚಂದ್ರಮತಿ. ಪೈಪಿನ ಕಟ್ಟಕಡೆಗೆ, ಹದಿನಾಲ್ಕನೆಯ ವಾಲ್ವಿನ ಕೆಳಗೆ ಎರಡು ಎಕರೆ ದ್ರಾಕ್ಷಿಯಿದ್ದ ಅರವತ್ತರ ಹೆಂಗಸು. ಬಿಸಿಲಲ್ಲಿ ನಡೆದು ಬಂದು ಗಂಡಸರನ್ನು ಹಿಗ್ಗಾಮುಗ್ಗಾ ಬೈದಳು. "ನಾಚಿಕಿ ಐತೇನು? ಹೆಣ್ಣಮಗಳನ್ನ ತಗಡಿನ ಕೆಳಗ ಹಾಕಿ ಕೀಲಿ ಜಡಿತೀರಿ, ನಾಳೆ ಪೋಲೀಸ್ ಬಂದ್ರ ಮನ್ಯಾಗಿನ ಹೆಂಗಸರ ಹಿಂದ ಅಡಗತೀರಿ."

ಬಾಗಿಲು ತೆರೆದಾಗ ಸಪನಾ, "ಭಾಳ ಉಪಕಾರ ಆತ್ರಿ ಕಾಕೂ," ಎಂದಳು.

"ನಿನ್ನ ಮ್ಯಾಲಿನ ಮಾಯೆಕ್ಕ ಬಂದಿಲ್ಲ ನಾ," ಎಂದಳು ಚಂದ್ರಮತಿ. "ನನ್ನ ಗಿಡ ಚಿಗಿಯಾಕತ್ತಿಲ್ಲ. ಒಳಗ ಕುಂದ್ರಿಸಿದ್ರ ನೀ ಹ್ಯಾಂಗ ರಿಪೇರಿ ಮಾಡ್ತಿ? ಹೋಗು, ಮಾಡು."

ಸಪನಾ ನೇರ ಹೋದದ್ದು ಮಲಕಾರಿಯ ಮನೆಗೆ. ಅವನು ಕಟ್ಟೆಯ ಮೇಲೆ ಕೂತಿದ್ದ. ಕೂರು ಎನ್ನಲಿಲ್ಲ.

"ನಂದು ತಪ್ಪಾತ್ರಿ. ನೀವಲ್ಲ ಅಂತ ಈಗ ತಿಳೀತು. ಸಭಾದಾಗ ಅಂದದ್ದನ್ನ ಸಭಾದಾಗs ವಾಪಸ್ ತಗೋತೀನಿ."

"ತಗೋ. ನಂಗೇನು?"

"ಒಂದು ಕೇಳೂದೈತ್ರಿ. ಈ ಮೂರು ವಾರದಾಗ ಯಾರ ಹೊಲಾ ಹಸಿ ಐತಿ?"

ಮಲಕಾರಿ ಹೊಲಗಳ ಕಡೆ ಕೈ ತೋರಿಸಿದ. "ಹೊಲದಾಗ ಕೆಸರು ಎಲ್ಲೈತಿ ಅಂತ ಕಣ್ಣಿದ್ದವರಿಗೆಲ್ಲಾ ಕಾಣತೈತಿ. ನೀವು ಪರದೆ ನೋಡ್ತೀರಿ. ನಾಲ್ಕನೇದರ ಕೆಳಗ ಕಾಲಿಟ್ಟರ ಮೀನಖಂಡ ತನಕ ಹುಗೀತೈತಿ. ಅಲ್ಲೆ ಕುಣಾಲ ಹೊಸಾದು ಮೂರು ಎಕರೆ ದ್ರಾಕ್ಷಿ ಹಚ್ಚ್ಯಾನ; ಅವನ ಪಾಳಿ ನೀರಿಗೆ ಅದು ಸಾಲಂಗಿಲ್ಲ."

"ಇದನ್ನ ಸಭಾದಾಗ ಯಾಕ ಹೇಳ್ಲಿಲ್ರಿ?"

"ನೀ ನನ್ನ ಕಳ್ಳ ಅಂದಿದ್ದಿ," ಎಂದು ಅವನು ಎದ್ದು ಒಳಗೆ ಹೋದ.

ಮುಂದಿನ ಮೂರು ದಿನ ಅವಳು ಒಂದೊಂದೇ ಕಂಬ ಹತ್ತಿದಳು. ಪ್ರತಿ ವಾಲ್ವಿನ ಡಬ್ಬಿಗೂ ವಾರದ ಪಾಳಿಯನ್ನು ತುಂಬಿದಳು: ಮಾತು ಕಡಿದರೂ ಸರಿ, ನಿನ್ನ ಗಡಿಯಾರ ನೋಡಿಕೊಂಡು ತೆರೆ, ಹೊತ್ತು ಮುಗಿದರೆ ಮುಚ್ಚು. ಪೈಪು ಒಡೆದರೆ, ಮೋಟಾರು ನಿಂತರೆ ತಿಳಿಯಲು ರೇಡಿಯೊ ಬೇಕೇ ಬೇಕಿತ್ತು. ಆದರೆ ಅದರ ಬಾಯಿ ಮುಚ್ಚಿಸಿ ನೀರು ಕದಿಯುವ ದಾರಿ ಇನ್ನು ಇರಲಿಲ್ಲ. ನಾಲ್ಕನೆಯ ಕಂಬ ಹತ್ತಿದಾಗ ಕುಣಾಲನ ಆಳು ನಾಯಿ ಬಿಟ್ಟ. ಅದು ಕೆಳಗೆ ಬೊಗಳುತ್ತಿದ್ದಷ್ಟು ಹೊತ್ತೂ ಅವಳು ಮೇಲೆಯೇ ಕೂತು ಕೆಲಸ ಮುಗಿಸಿದಳು.

ಸುಳ್ಳು ಹಕ್ಕುದಾರನನ್ನು ಹಿಡಿಯುವ ಉಪಾಯವನ್ನು ಅವಳೂ ಬ್ರಾಹ್ಮಿ ಮೇಡಂ ಕೂಡಿ ಫೋನಿನಲ್ಲೇ ಹೊಸೆದರು. ನಿಜವಾದ ಹಕ್ಕುದಾರರ ಟವರು ಮಿರಜದ ಆಚೆ, ಬಹಳ ದೂರ. ಅಲ್ಲಿಂದ ಬಂದ ಸದ್ದು ಹದಿನಾಲ್ಕು ಡಬ್ಬಿಗೂ ಹೆಚ್ಚುಕಡಿಮೆ ಒಂದೇ ಸಮ ಕೇಳಬೇಕು. ದಾಖಲೆಯಲ್ಲಿ ನೋಡಿದರೆ ಈ ಸದ್ದು ಮೂರು, ನಾಲ್ಕು, ಐದರ ಕಿವಿ ಕಿವುಡಾಗುವಷ್ಟು ಜೋರು, ಹನ್ನೆರಡಕ್ಕೆ ಪಿಸುಮಾತು, ಹದಿನಾಲ್ಕಕ್ಕೆ ಏನೂ ಇಲ್ಲ. ಇನ್ನು ಮೇಲೆ ಒಬ್ಬರ ಕಿವಿ ನಂಬಿ ಯಾರೂ ಏಳಬೇಕಿಲ್ಲ. ತಮಗೆ ಎಷ್ಟು ಜೋರಾಗಿ ಕೇಳಿತೆಂದು ಎಲ್ಲ ಡಬ್ಬಿಗಳೂ ಮೊದಲು ಒಂದಕ್ಕೊಂದು ಹೇಳಬೇಕು, ಹೋಲಿಸಬೇಕು. ದೂರದಿಂದ ಬಂದದ್ದಾದರೆ ಮಾತ್ರ ಜಾಗ ಬಿಡಬೇಕು. ಹಾಗೆ ಹೋಲಿಸಿ ನೋಡಲು ಮೇಡಂ ಪರವಾನಗಿ ಕೊಟ್ಟವರಿಂದ ಲಿಖಿತ ಒಪ್ಪಿಗೆ ತರಿಸಿದರು.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ನಾಲ್ಕನೆಯದರ ಪಾಳಿ. ಒಂಬತ್ತೂ ಏಳಕ್ಕೆ ಸದ್ದು ಬಂತು. ಪರದೆಯ ಮೇಲೆ, ಸದ್ದಿಗೆ ಕಿವುಡಾದ ಮೂರು, ನಾಲ್ಕು, ಐದರ ದೀಪ ಮಾತ್ರ ಕೆಂಪಾದವು, ಹನ್ನೊಂದು ಹಸಿರಾಗಿಯೇ ಉಳಿದವು. ಹನ್ನೊಂದು ಗಂಟೆಗೆ ಪಾಳಿ ಮುಗಿದಾಗ ನಾಲ್ಕನೆಯ ವಾಲ್ವ್ ತನ್ನಷ್ಟಕ್ಕೆ ಮುಚ್ಚಿಕೊಂಡಿತು. ಎಷ್ಟೋ ದಿನಗಳ ಮೇಲೆ ಪೈಪಿನ ಕಟ್ಟಕಡೆಗೆ ನೀರು ಮುಟ್ಟಿತು. ಸದ್ದು ಮಾತ್ರ ನಿಲ್ಲಲಿಲ್ಲ. ತನ್ನ ಆಟ ಮುಗಿದಿದೆಯೆಂದು ಆಡಿಸುವವನಿಗೆ ಇನ್ನೂ ತಿಳಿದಿರಲಿಲ್ಲ.

ಸಪನಾ ಹಳೆಯ ಮುಳ್ಳಿನ ಆಂಟೆನಾ ತೆಗೆದುಕೊಂಡು ಹೊರಟಳು. ಸಾಕ್ಷಿಗೆಂದು ಚಂದ್ರಮತಿಯನ್ನು ಕರೆದಳು. ಪಂಪ್‌ಹೌಸಿನ ಗೇಟಿನಲ್ಲಿ ಕೂತಿದ್ದ ಮಲಕಾರಿಯನ್ನು ಕರೆಯಲಿಲ್ಲ. ಅವನೇ ಇಪ್ಪತ್ತು ಮಾರು ಹಿಂದೆ ಬಂದ. ಕುಣಾಲನ ಹೊಲದ ಚಿಗುರಿದ ದ್ರಾಕ್ಷಿ ಸಾಲುಗಳ ನಡುವೆ, ಕೆಸರಿನಲ್ಲಿ, ಕೈಯ ಮೀಟರು ಏರಿದತ್ತ ನಡೆದರು. ಔಷಧ ಬೆರೆಸುವ ಶೆಡ್ಡಿನೆದುರು ಮೀಟರಿನ ಮುಳ್ಳು ಕೊನೆ ಮುಟ್ಟಿ ನಿಂತಿತು.

ಕುಣಾಲ ಬಾಗಿಲಿಗೆ ಅಡ್ಡ ನಿಂತ. ಈಗ ಆ ಮೃದು ದನಿ ಇರಲಿಲ್ಲ. "ಯಾರನ್ನ ಕೇಳಿ ಹೊಲದಾಗ ಕಾಲಿಟ್ಟಿ? ಹೊರಗ ನಡಿ. ನಿನ್ನಂಥವರಿಗೆ ಕುರ್ಚಿ ಕೊಟ್ಟದ್ದs ತಪ್ಪಾತು."

"ಒಳಗಿನ ರೇಡಿಯೊ ಬಂದ್ ಮಾಡ್ರಿ."

"ಯಾವ ರೇಡಿಯೊ? ತೋರಿಸು ನೋಡೂಣು. ಕಾಲಿಡು ಒಳಗ, ಕಾಲು ಮುರೀತೀನಿ."

ಸಪನಾ ಕಾಲಿಡಲಿಲ್ಲ. ಬಾಗಿಲಿನಿಂದ ಮೂರು ಮಾರು ದೂರದಲ್ಲಿ, ಬಿಸಿಲಿನಲ್ಲಿ ನಿಂತು, ಮೀಟರನ್ನೂ ಶೆಡ್ಡನ್ನೂ ಗಡಿಯಾರವನ್ನೂ ಫೋನಿನಲ್ಲಿ ಚಿತ್ರೀಕರಿಸಿಕೊಂಡಳು. ಕುಣಾಲ ಫೋನಿಗೆ ಕೈ ಹಾಕಿದ. ಚಂದ್ರಮತಿ ನಡುವೆ ಬಂದಳು.

"ನೀರೆಲ್ಲಾ ನೀನs ಕುಡದೀಯಲ್ಲೋ ನಾಯಿ," ಎಂದಳು. "ನನ್ನ ಗಿಡದ ಬಾಯಾಗಿಂದ ಕಸಗೊಂಡು. ಒಂದs ಬಸದಿಗೆ ಹೋಗ್ತೀವಿ ನಾವು, ಒಂದs ಸಾಲಿನ್ಯಾಗ ಕುಂದ್ರತೀವಿ."

ಅಷ್ಟರಲ್ಲಿ ಮಲಕಾರಿ ಶೆಡ್ಡಿನ ಹಿಂದೆ ಹೋಗಿ ಕರೆಂಟಿನ ಸ್ವಿಚ್ ಕೆಳಗೆ ಎಳೆದಿದ್ದ. ಸಪನಾಳ ಮೀಟರಿನ ಮುಳ್ಳು ಧಪ್ಪನೆ ಬಿತ್ತು. ಆ ಕ್ಷಣವೂ ಚಿತ್ರದಲ್ಲಿ ಬಂತು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಮಧ್ಯಾಹ್ನ ಭಾವುಸಾಹೇಬರು ಅವಳನ್ನು ಕರೆಸಿಕೊಂಡರು. ಅವರ ಮುಖ ಒಂದೇ ದಿನಕ್ಕೆ ಇಳಿದುಹೋಗಿತ್ತು. "ಹುಡುಗ ತಪ್ಪು ಮಾಡ್ಯಾನ. ಆ ಪೆಟ್ಟಿಗಿ ಒಡಸಿಬಿಡ್ತೀನಿ. ಮನಿ ಮಾತು, ಮನ್ಯಾಗ ಇರಲಿ. ನಿನ್ನ ನೌಕರಿ ಕಾಯಂ ಮಾಡ್ತೀನಿ."

"ಪರವಾನಗಿ ಕಾಲೇಜಿನದು ಐತ್ರಿ ಅಣ್ಣಾರ. ಹೇಳದs ಬಿಟ್ರ ತಪ್ಪು ನಂದಾಗ್ತೈತಿ," ಎಂದಳು ಸಪನಾ. ಮುಂದುವರಿದು, "ಮಲಕಾರಿಯವರನ್ನ ನಾ ಎಲ್ಲಾರ ಎದುರಿಗೆ ಕಳ್ಳ ಅಂದೀನ್ರಿ. ಮನಿ ಮಾತು ಅಂತ ಮುಚ್ಚಿದ್ರ ಅದು ಅವರ ಮ್ಯಾಲs ಉಳೀತೈತಿ," ಎಂದಳು.

"ವಿಚಾರ ಮಾಡು. ಈ ಊರಾಗ ಇರಾಕ ಆಗೂದಿಲ್ಲ ನಿಂಗ."

"ಈಗೇನು ಇರಾಕ ಬಿಟ್ಟೀರಿ?"

ಅಂದೇ ಅವಳು ದೂರು ಬರೆದು ಕಳಿಸಿದಳು. ವಾರದೊಳಗೆ ಹೊರಗಿನಿಂದ ಅಧಿಕಾರಿಗಳು ಬಂದು ಪಂಚನಾಮೆ ಮಾಡಿದರು. ಕೀಟನಾಶಕದ ಡಬ್ಬಗಳ ಹಿಂದೆ ಲ್ಯಾಪ್‌ಟಾಪಿಗೆ ಜೋಡಿಸಿದ, ಗೋಡೆಯ ಕರೆಂಟಿನಿಂದ ನಡೆಯುವ ಅಂಗೈಯಗಲದ ರೇಡಿಯೊ ಪೆಟ್ಟಿಗೆ ಇನ್ನೂ ಅಲ್ಲೇ ಇತ್ತು. ಒಡೆಸಿಬಿಡುತ್ತೇನೆ ಎಂದಿದ್ದ ಭಾವುಸಾಹೇಬರು ಶೆಡ್ಡಿಗೆ ತಮ್ಮ ಬೀಗ ಹಾಕಿಸಿ, ಅದನ್ನು ಮುಟ್ಟದೆ ಬಿಟ್ಟಿದ್ದರು. ಅವರು ಹೆದರಿದರೋ, ಮನಸ್ಸು ಒಪ್ಪಲಿಲ್ಲವೋ, ಯಾರೂ ಕೇಳಲಿಲ್ಲ. ಕುಣಾಲನನ್ನು ಡೈರೆಕ್ಟರ್ ಸ್ಥಾನದಿಂದ ತೆಗೆಯುವ ಸಭೆಯಲ್ಲಿ ಅವರು ತಲೆ ತಗ್ಗಿಸಿ ಮೊದಲು ಕೈ ಎತ್ತಿದರು. ಕೇಸು ನಡೆದಿದೆ. ಕುಣಾಲ ಜಾಮೀನಿನ ಮೇಲೆ ಹೊರಗಿದ್ದಾನೆ, ಜೀಪಿನಲ್ಲಿ ಎದುರಾದರೆ ಸಪನಾಳ ಸ್ಕೂಟಿಯನ್ನು ರಸ್ತೆಯ ಅಂಚಿಗೆ ತಳ್ಳುವಷ್ಟು ಹತ್ತಿರ ಬಂದು ಹೋಗುತ್ತಾನೆ.

ಆ ಸಭೆಯಲ್ಲೇ ಸಪನಾ ಎದ್ದು ನಿಂತು, ಮಲಕಾರಿಯನ್ನು ಕಳ್ಳನೆಂದದ್ದು ತನ್ನ ತಪ್ಪೆಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಮಲಕಾರಿ ಕೇಳಿಸಿಕೊಂಡ. ಸಭೆ ಮುಗಿಯುವ ಮೊದಲೇ ಎದ್ದು ಗೇಟಿಗೆ ಹೋದ. ಬೀಗ ಜಡಿದ ಏಳು ಮಂದಿಯಲ್ಲಿ ಒಬ್ಬನೂ ಕ್ಷಮೆ ಕೇಳಲಿಲ್ಲ. ಇಬ್ಬರು ಮಾತ್ರ, "ನೀರು ಟೈಮಿಗೆ ಬರಾಕತ್ತೈತಿ" ಎಂದು ಅವಳಿಗಲ್ಲ, ಒಬ್ಬರಿಗೊಬ್ಬರು ಹೇಳಿಕೊಂಡರು.

ಜುಲೈಯಲ್ಲಿ ಹೊಳೆ ತುಂಬಿ ಪಂಪುಗಳನ್ನು ಮೇಲೆತ್ತಿದಾಗ ಅವಳು ನಿಪ್ಪಾಣಿಗೆ ಹೋಗಿ ಹತ್ತು ದಿನ ಮಲಗಿದಳು. ಊರು ಬಿಟ್ಟು ಬಿಡು ಎಂದು ಅಕ್ಕುತಾಯಿ ಹೇಳುವಳೆಂದು ಅವಳು ಕಾದಿದ್ದಳು. ತಾಯಿ ಹಾಗೆ ಹೇಳಲಿಲ್ಲ. "ಸುಳ್ಳು ಮಾಲಕ ಅಂತ ಹ್ಯಾಂಗ ಗೊತ್ತಾತು, ಇನ್ನೊಮ್ಮೆ ಹೇಳು," ಎಂದು ಮೂರು ಸಲ ಕೇಳಿದಳು. ಮೂರನೆಯ ಸಲ ಕೇಳಿದ ಮೇಲೆ, "ಎಲ್ಲಾರೂ ಕೂಡಿ ಕೇಳ್ಕೋಬೇಕು ಅನ್ನು," ಎಂದು ತಲೆದೂಗಿದಳು.

ಮಳೆಗಾಲ ಮುಗಿದ ಮೇಲೆ ರಾಯಬಾಗ ತಾಲೂಕಿನ ಇನ್ನೊಂದು ಸಂಘಕ್ಕೂ ಇಂಥದೇ ರೇಡಿಯೊ ಹಚ್ಚುವುದೆಂದಾಯಿತು. ಬ್ರಾಹ್ಮಿ ಮೇಡಂ ಸಪನಾಳನ್ನೇ ಕಳಿಸಿದರು. ಪಂಪ್‌ಹೌಸಿನೆದುರು ನಿಂತಿದ್ದ ಹತ್ತಾರು ಗಂಡಸರು ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ಕಾಗವಾಡ ಕಡೆ ಜಗಳಾ ಹಚ್ಚಿದಾಕಿ ನೀನs ಏನು?" ಎಂದ ಒಬ್ಬ.

"ಹೌದ್ರಿ," ಎಂದಳು ಸಪನಾ. "ಏಣಿ ಎಲ್ಲೈತ್ರಿ?"